ಗಾಜಿನ ತೊಟ್ಟಿಯಲ್ಲಿ ಗಡಿಜಗಳ

ಮೀನಿಗೆ ಸಿಟ್ಟು ಬರುವುದೆಂದರೆ ನಮ್ಮಲ್ಲಿ ಅನೇಕರು ನಗುವರು. ಸಿಟ್ಟು ಹಾವಿಗೆ ಸಲ್ಲುವುದು, ಗೂಳಿಗೆ ಸಲ್ಲುವುದು. ರೆಪ್ಪೆಯಿಲ್ಲದ ಕಣ್ಣನ್ನು ಬಿಟ್ಟುಕೊಂಡು ಬಾಯನ್ನು ತೆರೆದು ಮುಚ್ಚುತ್ತ ತೇಲಾಡುವ ಈ ತಣ್ಣನೆಯ ಪ್ರಾಣಿಗೆ ಸಿಟ್ಟೆಲ್ಲಿಂದ ಬಂದೀತು? ಹೀಗೆಂದುಕೊಂಡೇ ಎಷ್ಟೋ ಗೃಹಸ್ಥರು ಮಕ್ಕಳ ಮಾತಿಗೆ ಒಪ್ಪಿ ಒಂದು ಗಾಜಿನ ತೊಟ್ಟಿಯನ್ನು ಮನೆಗೆ ತರುವರು. ನಾಯಿಯಂತೆ ಬೊಗಳುವುದಿಲ್ಲ, ಬೆಕ್ಕಿನಂತೆ ಹಾಲಿನ ಪಾತ್ರೆಗೆ ಬಾಯಿ ಹಾಕುವುದಿಲ್ಲ, ಬಾಡಿಗೆಯ ಮನೆಯ ಯಜಮಾನರಿಗೂ ಆಕ್ಷೇಪಣೆಯಿರಲಾರದು. ಅಂಗಡಿಯಲ್ಲಿ ಕೆಂಪು, ನೀಲಿ, ಹಳದಿ ಎಂದು ಬಣ್ಣವನ್ನು ನೋಡಿ ಎಂಟು ಹತ್ತು ಮೀನುಗಳನ್ನು ಆರಿಸಿಕೊಂಡು ಬಂದು ಒಂದೇ ತೊಟ್ಟಿಯಲ್ಲಿ ಬಿಡುವರು.

ಕೆಲವು ದಿನಗಳು ಎಲ್ಲವೂ ಚೆನ್ನಾಗಿರುವುದು. ಆಮೇಲೆ ಒಂದು ಬೆಳಗ್ಗೆ ಒಂದು ಮೀನಿನ ಬಾಲವು ಜೂಲುಜೂಲಾಗಿ ಕಾಣುವುದು. ಮಾರನೆಯ ದಿನ ಅದು ಮೂಲೆಯನ್ನು ಬಿಟ್ಟು ಬಾರದು. ಮೂರನೆಯ ದಿನ ಹೊಟ್ಟೆ ಮೇಲಾಗಿ ತೇಲುವುದು. ನೀರು ಕೆಟ್ಟಿತೆಂದು ಒಬ್ಬರು ಹೇಳುವರು; ಅಂಗಡಿಯವನು ರೋಗದ ಮೀನನ್ನು ಕಟ್ಟಿಕೊಟ್ಟನೆಂದು ಇನ್ನೊಬ್ಬರು; ದೃಷ್ಟಿಯಾಯಿತೆಂದು ಅಜ್ಜಿ. ನೀರು ಕೆಟ್ಟು ಸಾಯುವ ಮೀನುಗಳು ಬೇಕಾದಷ್ಟಿವೆ, ಇಲ್ಲವೆನ್ನುವುದಿಲ್ಲ. ಆದರೆ ರೆಕ್ಕೆಗಳು ಹರಿದು ಒಂದೊಂದಾಗಿಯೇ ಮೀನುಗಳು ಸಾಯುತ್ತ, ಒಂದು ಮಾತ್ರ ದಿನದಿನಕ್ಕೆ ಬಣ್ಣವೇರಿ ಪುಷ್ಟವಾಗುತ್ತಿದ್ದರೆ, ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕಾದುದಿಲ್ಲ. ಅದು ಎಲ್ಲರ ಕಣ್ಣಿಗೂ ಅಂದವಾಗಿ ಕಾಣುತ್ತ ತೊಟ್ಟಿಯ ನಡುವೆಯೇ ಈಜುತ್ತಿರುವುದು.

ಮೀನುಗಳ ಕಲಹವನ್ನು ಮನುಷ್ಯನು ಮೊದಲು ಕಂಡದ್ದು ಗಾಜಿನ ತೊಟ್ಟಿಯಲ್ಲಲ್ಲ. ಈಗ ಥಾಯ್ಲೆಂಡ್ ಎನಿಸಿಕೊಳ್ಳುವ ಸಯಾಮ್ ದೇಶದ ಗದ್ದೆಗಳಲ್ಲಿಯೂ ಜವುಗು ನೀರಿನಲ್ಲಿಯೂ ಬೆರಳುದ್ದದ ಒಂದು ಮೀನುಂಟು. ಆ ದೇಶದವರು ಅದನ್ನು ‘ಪ್ಲಾ ಕಾಟ್’ ಎಂದು ಕರೆಯುವರು. ಕಚ್ಚುವ ಮೀನೆಂದು ಅದರ ಅರ್ಥ. ನಮ್ಮ ಅಂಗಡಿಗಳಲ್ಲಿ ಫೈಟರ್ ಎಂಬ ಹೆಸರಿನಿಂದ ಮಾರತಕ್ಕ ಮೀನು ಇದೇ. 2022ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯಿಂದ, ಮನುಷ್ಯನು ಈ ಮೀನನ್ನು ಕಡಮೆಯೆಂದರೂ 1000 ವರ್ಷಗಳಿಂದ ಸಾಕಿ ತಳಿಯೆಬ್ಬಿಸುತ್ತಿರುವನೆಂದು ತೋರಿಬಂದಿದೆ. ಅಷ್ಟು ಕಾಲವೂ ಆರಿಸಿದ್ದು ಮುಖ್ಯವಾಗಿ ಒಂದೇ ಗುಣವನ್ನು: ಹಿಮ್ಮೆಟ್ಟದೆ ಕಾದುವುದು. ಇಂದು ನಾವು ಕಾಣುವ ಉದ್ದನೆಯ ಸೆರಗಿನಂತಹ ರೆಕ್ಕೆಗಳು ಬಹಳ ಈಚಿನವು.

ಸಯಾಮಿನ ಈ ಜೂಜಿನ ವಿಷಯವನ್ನು ಕ್ಯಾಂಟರ್ ಎಂಬ ಡೇನ್ ದೇಶದ ವೈದ್ಯನು 1849ರಲ್ಲಿಯೇ ಬರೆದಿಟ್ಟಿರುವನು. ಜನರು ಹಣವನ್ನಷ್ಟೇ ಅಲ್ಲ, ಕೆಲವು ವೇಳೆ ತಮ್ಮನ್ನೂ ತಮ್ಮ ಸಂಸಾರವನ್ನೂ ಮೀನಿನ ಕಾಳಗದ ಮೇಲೆ ಪಣವಾಗಿ ಒಡ್ಡುತ್ತಿದ್ದರಂತೆ. ಕಾಳಗವನ್ನು ನಡೆಯಿಸುವ ಅಪ್ಪಣೆಯನ್ನು ಗುತ್ತಿಗೆಗೆ ಕೊಟ್ಟು ಅರಸನು ವರ್ಷಕ್ಕೆ ದೊಡ್ಡ ಮೊಬಲಗನ್ನೇ ಪಡೆಯುತ್ತಿದ್ದನಂತೆ. ಧರ್ಮರಾಯನ ಜೂಜನ್ನು ಬಲ್ಲ ನಮಗೆ ಇದೇನೂ ಹೊಸತಲ್ಲ. ಕೋಳಿಯ ಅಂಕವನ್ನು ತುಳುನಾಡಿನವರು ಚೆನ್ನಾಗಿ ಬಲ್ಲರು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕೋಳಿ ಟಗರುಗಳ ಕಾಳಗಕ್ಕೂ, ಮೀನು ಹಿಡಿಯುವ ವಿನೋದಕ್ಕೂ ಪ್ರತ್ಯೇಕ ಪ್ರಕರಣಗಳೇ ಇವೆ. 1910ರಲ್ಲಿ ರೀಗನ್ ಎಂಬ ಆಂಗ್ಲ ಪಂಡಿತನು ಸಯಾಮಿನ ಮೀನಿಗೆ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂಬ ಶಾಸ್ತ್ರೀಯ ನಾಮವನ್ನಿಟ್ಟನು. 2019ರಲ್ಲಿ ಥಾಯ್ಲೆಂಡ್ ಸರಕಾರವು ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು.

ಎರಡು ಗಂಡುಗಳು ಎದುರಾದಾಗ ನಡೆಯುವುದನ್ನು ನೋಡಬೇಕು. ಮೊದಲು ಯಾವುದೂ ಕಚ್ಚುವುದಿಲ್ಲ. ಎರಡೂ ಕಿವಿರಿನ ಮುಚ್ಚಳಗಳನ್ನು ಅಗಲವಾಗಿ ಬಿಚ್ಚಿ, ರೆಕ್ಕೆಗಳನ್ನು ಕೊಡೆಯಂತೆ ಹರಡಿ, ಬಣ್ಣವನ್ನು ಗಾಢಮಾಡಿಕೊಂಡು ನಿಲ್ಲುವುವು. ಇಷ್ಟರಲ್ಲಿಯೇ ಒಂದು ದೊಡ್ಡದಾಗಿಯೂ ಒಂದು ಚಿಕ್ಕದಾಗಿಯೂ ಇದ್ದರೆ ಚಿಕ್ಕದು ರೆಕ್ಕೆಗಳನ್ನು ಮಡಿಚಿ ಹೊರಟುಹೋಗುವುದು, ಕಾಳಗವು ಮುಗಿಯಿತು. ಸರಿಸಮವಾದರೆ ಮಾತ್ರ ರೆಕ್ಕೆಗೂ ಪಕ್ಕೆಗೂ ಬಾಯಿ ಹಾಕುವುವು. ಕೊನೆಗೆ ದವಡೆಗೆ ದವಡೆ ಕಚ್ಚಿ ಹಿಡಿದು ಬಿಗಿಯುವುವು. ಈ ಮೀನಿಗೆ ಕಿವಿರಲ್ಲದೆ ತಲೆಯೊಳಗೆ ಗಾಳಿಯನ್ನು ಹೀರುವ ಇನ್ನೊಂದು ಅಂಗವೂ ಉಂಟು. ಆಗಾಗ ನೀರಿನ ಮೇಲಕ್ಕೆ ಬಂದು ಗಾಳಿ ಕುಡಿಯದೆ ಬದುಕಲಾರದು. ಆದುದರಿಂದ ಹಿಡಿತವನ್ನು ಬಿಡಿಸಿಕೊಂಡು ಎರಡೂ ಮೇಲಕ್ಕೆ ಹೋಗಿ ಉಸಿರೆಳೆದುಕೊಂಡು ಬಂದು ಮತ್ತೆ ತೊಡಗುವುವು. ಪಳಗಿದ ತಳಿಯ ಜೋಡಿಗಳು ಹೀಗೆ ಗಂಟೆಗೂ ಮಿಕ್ಕಿ ಕಾದುವುದುಂಟು. ಕನ್ನಡಿಯನ್ನು ಹಿಡಿದರೆ ತನ್ನ ನೆರಳಿನ ಮೇಲೆಯೇ ಬೀಳುವುದು. ಮಕ್ಕಳಿಗೆ ಇದೊಂದು ತಮಾಷೆ. ಒಂದೆರಡು ನಿಮಿಷಗಳಾದರೆ ಕೆಡುಕಿಲ್ಲ. ದಿನವೆಲ್ಲವೂ ಕನ್ನಡಿಯನ್ನು ಎದುರಿಗಿಟ್ಟರೆ ಸೋಲದ ಗೆಲ್ಲದ ಶತ್ರುವನ್ನು ಕೊಟ್ಟಂತಾಗಿ ಪ್ರಾಣಿಯು ಬಳಲುವುದು.

ಇಷ್ಟೊಂದು ರೋಷವು ಯಾತಕ್ಕೆ? ತೊಟ್ಟಿಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಹೊತ್ತುಹೊತ್ತಿಗೆ ಮನೆಯವರೇ ಹಾಕುವರು. ಆದರೆ ಮೀನು ಕಾಯುವುದು ಅನ್ನವನ್ನಷ್ಟೇ ಅಲ್ಲ, ನೆಲವನ್ನು. ಇದನ್ನು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿದವನು ಹಾಲೆಂಡಿನ ನಿಕೊ ಟಿನ್‌ಬರ್ಗೆನ್. ಆ ದೇಶದ ಹಳ್ಳಗಳಲ್ಲಿ ಬೆನ್ನಿನ ಮೇಲೆ ಮೂರು ಮುಳ್ಳುಗಳಿರುವ ಸ್ಟಿಕಲ್‌ಬ್ಯಾಕ್ ಎಂಬ ಚಿಕ್ಕ ಮೀನು ಸಿಕ್ಕುವುದು. ವಸಂತಕಾಲದಲ್ಲಿ ಗಂಡಿನ ಹೊಟ್ಟೆಯು ಕೆಂಪಾಗುವುದು. ಅದು ಒಂದಷ್ಟು ನೆಲವನ್ನು ಗೊತ್ತುಮಾಡಿಕೊಂಡು ಅಲ್ಲಿ ಪಾಚಿ ಕಡ್ಡಿಗಳಿಂದ ಗೂಡನ್ನು ಕಟ್ಟುವುದು. ಟಿನ್‌ಬರ್ಗೆನ್ ಒಂದೇ ತೊಟ್ಟಿಯಲ್ಲಿ ಎರಡು ಕೊನೆಗಳಲ್ಲಿ ಗೂಡು ಕಟ್ಟಿದ್ದ ಎರಡು ಗಂಡುಗಳನ್ನು ಎರಡು ಗಾಜಿನ ನಳಿಗೆಗಳಲ್ಲಿ ಇಳಿಬಿಟ್ಟನು. ಎರಡು ನಳಿಗೆಗಳನ್ನೂ ಮೊದಲನೆಯ ಗಂಡಿನ ನೆಲಕ್ಕೆ ಒಯ್ದರೆ ಮೊದಲನೆಯದು ಮೇಲೆ ಬೀಳಲು ಹವಣಿಸುವುದು, ಎರಡನೆಯದು ಓಡಲು ಹವಣಿಸುವುದು. ಎರಡನೆಯದರ ನೆಲಕ್ಕೆ ಒಯ್ದರೆ ಎಲ್ಲವೂ ತಲೆಕೆಳಗು. ಈಗ ತಾನೆ ಹೇಡಿಯಾಗಿದ್ದುದು ಶೂರನಾಗುವುದು. ಮೀನುಗಳು ಅವೇ, ಬದಲಾದುದು ಸ್ಥಳ. ತನ್ನ ಬೀದಿಯಲ್ಲಿ ನಾಯಿ ಹುಲಿಯೆಂದು ನಮ್ಮ ಹಿರಿಯರು ಆಡುವ ಮಾತಿನ ಅಭಿಪ್ರಾಯವೂ ಇದೇ ತಾನೆ?

ಲೀಡನ್ ಪಟ್ಟಣದಲ್ಲಿ ಅವನ ತೊಟ್ಟಿಗಳು ಕಿಟಕಿಯ ಬಳಿ ಇದ್ದುವು. ಕೆಂಪು ಬಣ್ಣದ ಅಂಚೆಯ ಬಂಡಿಯು ಬೀದಿಯಲ್ಲಿ ಹಾದುಹೋದಾಗ ಗಂಡು ಮೀನುಗಳೆಲ್ಲ ಕಿಟಕಿಯ ಕಡೆಗೆ ನುಗ್ಗಿ ಬಂಡಿಯು ಮರೆಯಾಗುವವರೆಗೂ ಅಬ್ಬರಿಸುತ್ತಿದ್ದುವಂತೆ. ಕೆಂಪು ಎಂದರೆ ಎದುರಾಳಿ ಎಂದು ಅವುಗಳ ಲೆಕ್ಕ. ಬೊಂಬೆಗಳನ್ನು ಮಾಡಿ ಪರೀಕ್ಷಿಸಿದಾಗ, ಮೀನಿನ ಆಕಾರವೇ ಸರಿಯಾಗಿಲ್ಲದಿದ್ದರೂ ಅಡಿಯಲ್ಲಿ ಕೆಂಪಿದ್ದ ಬೊಂಬೆಯ ಮೇಲೆಯೇ ಹೆಚ್ಚಾಗಿ ಬಿದ್ದುವೆಂದು ಅವನು ಬರೆದನು. ಮುಂದೆ ಇದನ್ನೇ ಪರೀಕ್ಷಿಸಿದವರೆಲ್ಲರಿಗೂ ಇದೇ ಫಲವು ದೊರೆಯಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1973ರಲ್ಲಿ ಟಿನ್‌ಬರ್ಗೆನ್‌ನಿಗೂ, ಆಸ್ಟ್ರಿಯದ ಕೊನ್‌ರಾಡ್ ಲೊರೆನ್ಜ್‌ನಿಗೂ, ಜೇನುಹುಳುಗಳ ನೃತ್ಯವನ್ನು ಅರ್ಥಮಾಡಿದ ಕಾರ್ಲ್ ಫಾನ್ ಫ್ರಿಷ್‌ನಿಗೂ ಕೂಡಿ ನೊಬೆಲ್ ಬಹುಮಾನವು ಬಂದಿತು.

ಇನ್ನು ಮುಖ್ಯವಾದ ಮಾತಿಗೆ ಬರುವೆವು. ಹೊಳೆಯಲ್ಲಿಯೂ ಕೆರೆಯಲ್ಲಿಯೂ ಈ ಜಗಳಗಳಿಂದ ಸಾಯುವ ಮೀನುಗಳು ವಿರಳ. ಸೋತುದು ನಾಲ್ಕು ಮಾರು ಓಡಿದರೆ ಗೆದ್ದುದರ ನೆಲದಿಂದ ಹೊರಗಾಯಿತು. ಗೆದ್ದುದು ಬೆನ್ನಟ್ಟುವುದನ್ನು ಬಿಟ್ಟು ತನ್ನ ಕಲ್ಲಿಗೆ ಹಿಂದಿರುಗುವುದು. ಗಾಜಿನ ತೊಟ್ಟಿಯಲ್ಲಾದರೋ ಓಡುವುದಕ್ಕೆ ಜಾಗವೆಲ್ಲಿ? ಎರಡಡಿಯ ತೊಟ್ಟಿಯೆಲ್ಲವೂ ಒಂದು ಬಲಿಷ್ಠ ಮೀನಿನ ಸ್ವಂತ ನೆಲವಾಗಬಹುದು. ಸೋತ ಮೀನು ಶರಣೆಂದು ರೆಕ್ಕೆ ಮಡಿಚಿದರೂ, ಬಣ್ಣಗೆಟ್ಟರೂ, ಗೆದ್ದುದರ ಕಣ್ಣಿಗೆ ಅದು ಇನ್ನೂ ಗಡಿಯೊಳಗೇ ಇರುವ ಕಳ್ಳ. ಆದುದರಿಂದ ಮತ್ತೆ ಮತ್ತೆ ಬೀಳುವುದು. ಗಾಯದಿಂದಲೇ ಸಾಯಬೇಕೆಂದಿಲ್ಲ, ಸದಾ ಅಂಜಿ ಅಡಗಿ, ಅನ್ನಕ್ಕೆ ಬಾರದೆ, ಕುಗ್ಗಿದ ದೇಹಕ್ಕೆ ರೋಗವು ಹತ್ತಿ ಸಾಯುವುವೇ ಹೆಚ್ಚು. ಕೊಲ್ಲುವ ಸ್ವಭಾವವು ಮೀನಿಗೆ ಇಲ್ಲದಿದ್ದರೂ ಕೊಲೆಯಾಗುವಂತೆ ಮಾಡುವುದು ನಾವು ಕೊಂಡುತಂದ ಗಾಜು. ಮನೆಯವರು ದುಷ್ಟ ಮೀನೆಂದು ಬೈಯುವಾಗ ಇದನ್ನು ನೆನೆಯಬೇಕು.

ಸಾಕುವ ಮೀನುಗಳಲ್ಲಿ ಗಡಿಯ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟಾದವು ಸಿಕ್ಲಿಡ್ ಎಂಬ ಕುಲದವು. ಅಮೆಜಾನ್ ನದಿಯ ಏಂಜಲ್ ಮೀನು, ಆಸ್ಕರ್, ಮಧ್ಯ ಅಮೆರಿಕದ ಪಟ್ಟೆಪಟ್ಟೆಯ ಕನ್ವಿಕ್ಟ್, ಆಫ್ರಿಕದ ಮಲಾವಿ ಸರೋವರದ ಬಣ್ಣದ ಮೀನುಗಳು ಇವೆಲ್ಲ ಈ ಕುಲಕ್ಕೆ ಸೇರಿದುವು. ಅದೃಷ್ಟವನ್ನು ತರುವುದೆಂದು ಕೆಲವರು ಬೆಲೆಕೊಟ್ಟು ತರುವ, ಹಣೆಯಲ್ಲಿ ಗುಡ್ಡೆಯೆದ್ದ ಫ್ಲವರ್‌ಹಾರ್ನ್ ಸಹ ಮನುಷ್ಯನು ಬೆರಕೆಮಾಡಿ ಎಬ್ಬಿಸಿದ ಸಿಕ್ಲಿಡ್ಡೇ. ಅದು ತೊಟ್ಟಿಯನ್ನು ತೊಳೆಯಲು ಇಳಿಸಿದ ಯಜಮಾನನ ಕೈಯನ್ನೂ ಬಿಡದು. ಇಂಡಿಯಾ ದೇಶಕ್ಕೆ ಸಹಜವಾದ ಸಿಕ್ಲಿಡ್‌ಗಳು ಮೂರೇ. ಮಲೆಯಾಳದಲ್ಲಿ ಕರಿಮೀನೆಂದು ಹೆಸರಾದುದು ಒಂದು; ಕಿತ್ತಳೆ ಬಣ್ಣದ ಪುಟ್ಟ ಕ್ರೊಮೈಡ್ ಒಂದು; ಮೂರನೆಯದು ನಮ್ಮದೇ, ದಕ್ಷಿಣ ಕನ್ನಡದ ನೇತ್ರಾವತಿ ಕುಮಾರಧಾರಾ ನದಿಗಳ ಮೀನು. ಫ್ರಾನ್ಸಿಸ್ ಡೇ ಎಂಬವನು 1877ರಲ್ಲಿ ಇದನ್ನು ವರ್ಣಿಸಿ, ಕೆನರಾ ಎಂಬ ನಾಡಿನ ಹೆಸರನ್ನೇ ಸೇರಿಸಿ ‘ಎಟ್ರೊಪ್ಲಸ್ ಕೆನರೆನ್ಸಿಸ್’ ಎಂದು ಹೆಸರಿಟ್ಟನು. ಇದು ಈಗ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿದೆ. ಪರದೇಶದವರು ತೊಟ್ಟಿಯಲ್ಲಿ ಸಾಕಿ ಮೆಚ್ಚುವ ಈ ಮೀನನ್ನು ಅದರ ನಾಡಿನವರಲ್ಲಿ ಎಷ್ಟು ಮಂದಿ ಕಂಡಿರುವರು!

ಕಿತ್ತಳೆ ಕ್ರೊಮೈಡಿನ ಸಂಸಾರವನ್ನು ನೋಡಿದವರಿಗೆ ಜಗಳಗಂಟತನದ ಇನ್ನೊಂದು ಮುಖವು ತಿಳಿಯುವುದು. ಗಂಡುಹೆಣ್ಣುಗಳು ಜೊತೆಗೂಡಿ ಒಂದು ಕಲ್ಲನ್ನು ಬಾಯಿಂದಲೇ ಉಜ್ಜಿ ಶುಚಿಮಾಡಿ ಅದಕ್ಕೆ ಮೊಟ್ಟೆಗಳನ್ನು ಅಂಟಿಸುವುವು. ಎರಡೂ ಸರದಿಯಂತೆ ರೆಕ್ಕೆಯಿಂದ ನೀರನ್ನು ಬೀಸುತ್ತ ಕಾಯುವುವು. ಮರಿಗಳಾದ ಮೇಲೆ ಅವು ತಂದೆತಾಯಿಗಳ ಮೈಮೇಲಿನ ಲೋಳೆಯನ್ನು ಕಚ್ಚಿ ತಿನ್ನುವುದುಂಟು. ಹೀಗೆ ಮೊಲೆಯೂಡಿದಂತೆ ಮಕ್ಕಳನ್ನು ಸಾಕುವ ಈ ದಂಪತಿಗಳೇ ಆ ಕಾಲದಲ್ಲಿ ತಮಗಿಂತ ದೊಡ್ಡದಾದ ಮೀನು ಹತ್ತಿರ ಸುಳಿದರೂ ಮೇಲೆ ಬಿದ್ದು ಅಟ್ಟುವುವು. ನಿನ್ನೆಯವರೆಗೆ ಸಾಧುವಾಗಿದ್ದ ಜೋಡಿಯು ಇಂದು ಹೀಗೇಕಾಯಿತೆಂದು ಮನೆಯವರು ಬೆರಗಾಗುವರು. ಕಲ್ಲಿನ ಹಿಂದೆ ಬಗ್ಗಿ ನೋಡಿದರೆ ಕಾರಣವು ಕಾಣುವುದು.

ಲೊರೆನ್ಜ್ ಪಂಡಿತನು 1949ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ರತ್ನದಂತೆ ಹೊಳೆಯುವ ಆಫ್ರಿಕದ ಸಿಕ್ಲಿಡ್ ತಂದೆಯೊಂದರ ವಿಷಯವನ್ನು ಹೇಳಿರುವನು. ಸಂಜೆಯಾದಾಗ ಆ ತಂದೆಯು ಚದರಿದ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ತುಂಬಿಕೊಂಡು ಮನೆಯ ಗುಳಿಗೆ ತಂದು ಉಗುಳುತ್ತಿದ್ದಿತು. ಒಂದು ದಿನ ಎರೆಹುಳುವಿನ ತುಂಡೊಂದನ್ನು ಬಾಯಲ್ಲಿಟ್ಟು ಅಗಿಯುತ್ತಿರುವಾಗಲೇ ದಾರಿ ತಪ್ಪಿದ ಮರಿಯು ಕಣ್ಣಿಗೆ ಬಿದ್ದಿತು; ಅದನ್ನೂ ಬಾಯಿಗೆ ಸೇರಿಸಿತು. ಈಗ ಬಾಯಲ್ಲಿ ಎರಡು ವಸ್ತುಗಳು: ಒಂದು ಹೊಟ್ಟೆಗೆ ಹೋಗತಕ್ಕದ್ದು, ಒಂದು ಮನೆಗೆ ಹೋಗತಕ್ಕದ್ದು. ಮೀನು ಸ್ತಬ್ಧವಾಗಿ ನಿಂತಿತು. ಆಮೇಲೆ ಎರಡನ್ನೂ ಕೆಳಗೆ ಉಗುಳಿ, ಮರಿಯ ಮೇಲೆ ಒಂದು ಕಣ್ಣನ್ನಿಟ್ಟುಕೊಂಡೇ ಹುಳುವನ್ನು ತಿಂದು ಮುಗಿಸಿ, ಮರಿಯನ್ನು ಎತ್ತಿಕೊಂಡು ಮನೆಗೆ ಹೋಯಿತು. ನೋಡುತ್ತಿದ್ದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರಂತೆ.

ಮೀನುಗಳು ಜಗಳವಾಡುವುದಷ್ಟೇ ಅಲ್ಲ, ಪರರ ಜಗಳವನ್ನು ನೋಡಿ ಬುದ್ಧಿ ಕಲಿಯುವುವು ಸಹ. 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಎರಡು ಫೈಟರ್‌ಗಳ ಕಾಳಗವನ್ನು ಗಾಜಿನ ಆಚೆಯಿಂದ ನೋಡಿದ್ದ ಮೂರನೆಯ ಮೀನು, ಗೆದ್ದುದನ್ನು ಎದುರಿಸುವಾಗ ಹಿಂದುಮುಂದು ನೋಡಿತು. ಸೋತುದನ್ನು ಎದುರಿಸಲು ಅಷ್ಟು ತಡಮಾಡಲಿಲ್ಲ. 2007ರಲ್ಲಿ ಆಫ್ರಿಕದ ಒಂದು ಸಿಕ್ಲಿಡ್ಡಿನ ಮೇಲೆ ನಡೆಸಿದ ಪರೀಕ್ಷೆಯು ಇನ್ನೂ ಸೋಜಿಗವಾದುದು. ಒಂದನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ನಾಲ್ಕನೆಯದನ್ನು, ನಾಲ್ಕನೆಯದು ಐದನೆಯದನ್ನು ಸೋಲಿಸುವುದನ್ನು ನೋಡುವ ಮೀನಿಗೆ ತೋರಿಸಿದರು. ಎರಡನೆಯದೂ ನಾಲ್ಕನೆಯದೂ ತಮ್ಮತಮ್ಮೊಳಗೆ ಕಾದುವುದನ್ನು ಅದು ಕಂಡೇ ಇಲ್ಲ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ ದುರ್ಬಲವಾದ ನಾಲ್ಕನೆಯದರ ಬಳಿಗೇ ಹೋಗಿ ನಿಂತಿತು. ತರ್ಕಶಾಸ್ತ್ರವನ್ನು ಓದಿದವರು ಇದಕ್ಕೆ ಯಾವ ಹೆಸರಿಡುವರೋ ಕಾಣೆವು.

ಇದೇ ಮೀನಿನಲ್ಲಿ ಮನೆಯವರಿಗೆ ಉಪಯೋಗವಾಗುವ ಇನ್ನೊಂದು ಸಂಗತಿಯುಂಟು. ಗುಂಪಿನ ಯಜಮಾನ ಗಂಡು ಬಣ್ಣದಿಂದ ಹೊಳೆಯುವುದು. ಉಳಿದ ಗಂಡುಗಳು ಮಂಕಾಗಿರುವುವು. ಯಜಮಾನನನ್ನು ಕತ್ತಲೆಯಲ್ಲಿ ತೆಗೆದುಬಿಟ್ಟರೆ, ಬೆಳಕಾದ ಮೇಲೆ ಕೆಲವೇ ನಿಮಿಷಗಳಲ್ಲಿ ಮಂಕಾಗಿದ್ದ ಗಂಡೊಂದು ಬಣ್ಣವೇರಿ ಯಜಮಾನಿಕೆಯನ್ನು ವಹಿಸುವುದು. ನಮ್ಮ ಪರಿಚಿತರೊಬ್ಬರು ತಮ್ಮ ತೊಟ್ಟಿಯ ದುಷ್ಟನನ್ನು ಹಿಡಿದು ನೆರೆಮನೆಗೆ ದಾನಮಾಡಿದರು, ವಾರದೊಳಗೆ ಎರಡನೆಯ ದುಷ್ಟನು ಎದ್ದನು, ಅವನನ್ನೂ ದಾನಮಾಡಿದರು. ಮೂರನೆಯವನು ಎದ್ದಾಗ ನೆರೆಯವರು ಬೇಡವೆಂದರು! ದುಷ್ಟತನವು ಒಂದು ಮೀನಿನ ಗುಣವಾಗಿರದೆ ಆ ತೊಟ್ಟಿಯಲ್ಲಿನ ಒಂದು ಪದವಿಯಾಗಿದ್ದಿತೆಂಬುದು ಆಗ ಅವರ ಮನಸ್ಸಿಗೆ ಬಂದಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಕೊಳ್ಳುವಾಗ ಬಣ್ಣವನ್ನು ಕೇಳುವಷ್ಟೇ ಶ್ರದ್ಧೆಯಿಂದ, ಬೆಳೆದ ಮೇಲೆ ಮೀನು ಎಷ್ಟು ದೊಡ್ಡದಾಗುವುದು, ಯಾವುದರೊಡನೆ ಕೂಡುವುದು ಎಂಬುದನ್ನು ಕೇಳಬೇಕು. ಅಂಗುಲದ ಆಸ್ಕರ್ ಮರಿಯು ಒಂದಡಿಯ ಮೀನಾಗುವುದು. ಗಂಡು ಫೈಟರ್‌ಗಳು ತೊಟ್ಟಿಗೆ ಒಂದೇ, ಇದಕ್ಕೆ ವಿನಾಯಿತಿಯಿಲ್ಲ. ಅಂಗಡಿಯಲ್ಲಿ ಅದನ್ನು ಬಟ್ಟಲಿನಷ್ಟು ನೀರಿನಲ್ಲಿಟ್ಟಿರುವರೆಂದು ಮನೆಯಲ್ಲಿಯೂ ಹಾಗೆಯೇ ಇಡುವುದು ಕ್ರೌರ್ಯವೆಂದು ನಮ್ಮ ಅಭಿಪ್ರಾಯ. ಗಾಳಿ ಕುಡಿದು ಬದುಕಬಲ್ಲುದೆಂದ ಮಾತ್ರಕ್ಕೆ ಕೊಳಕು ನೀರು ಅದಕ್ಕೆ ಹಿತವಾದೀತೆ? ಹತ್ತಿಪ್ಪತ್ತು ಲೀಟರ್ ಬೆಚ್ಚನೆಯ ನಿರ್ಮಲವಾದ ನೀರು, ಒಂದೆರಡು ಗಿಡಗಳು, ಮೇಲೊಂದು ಮುಚ್ಚಳ, ಇಷ್ಟಿರಲಿ. ಮುಚ್ಚಳವಿಲ್ಲದಿದ್ದರೆ ಹಾರಿ ಹೊರಗೆ ಬೀಳುವುದು. ಸುಮಾತ್ರದ ಟೈಗರ್ ಬಾರ್ಬ್ ಎಂಬ ಪಟ್ಟೆಮೀನಿನ ವಿಷಯವು ಇದಕ್ಕೆ ವಿರುದ್ಧ. ಅದನ್ನು ಒಂದೆರಡಾಗಿ ತಂದರೆ ಏಂಜಲ್ ಮೀನುಗಳ ಉದ್ದನೆಯ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಮುಗಿಸುವುದು. ಆರೆಂಟನ್ನು ಕೂಡಿಯೇ ಇಟ್ಟರೆ ತಮ್ಮತಮ್ಮೊಳಗಿನ ತಂಟೆಯಲ್ಲಿಯೇ ಅವುಗಳ ಹೊತ್ತು ಕಳೆಯುವುದು. ಹಾಗಾದರೂ ಉದ್ದ ರೆಕ್ಕೆಯ ನಿಧಾನಗತಿಯ ಮೀನುಗಳೊಡನೆ ಇಡದಿರುವುದೇ ಲೇಸು.

ಎರಡನೆಯದಾಗಿ, ದೃಷ್ಟಿಗೆ ಅಡ್ಡವಿರಬೇಕು. ಬರಿಯ ತೊಟ್ಟಿಯಲ್ಲಿ ಯಜಮಾನನಿಗೆ ಈ ಕೊನೆಯಿಂದ ಆ ಕೊನೆ ಕಾಣುವುದು; ಕಂಡುದೆಲ್ಲವೂ ತನ್ನದೆನ್ನುವುದು. ಕಲ್ಲುಗಳು, ಒಡೆದ ಮಡಕೆ, ಚೆನ್ನಾಗಿ ಬೇಯಿಸಿ ತೊಳೆದ ತೆಂಗಿನ ಚಿಪ್ಪು, ಒತ್ತಾಗಿ ಬೆಳೆದ ಗಿಡಗಳು ಇವುಗಳಿಂದ ತೊಟ್ಟಿಯನ್ನು ಮೂರು ನಾಲ್ಕು ಕೋಣೆಗಳಾಗಿ ಒಡೆದರೆ ಅಷ್ಟು ಮೀನುಗಳಿಗೆ ಅಷ್ಟು ಸಂಸ್ಥಾನಗಳಾಗುವುವು. ಗಡಿಯು ಒಮ್ಮೆ ಗೊತ್ತಾಯಿತೆಂದರೆ ನೆರೆಹೊರೆಯವುಗಳು ಹೊಸಬರ ಮೇಲೆ ಬೀಳುವಷ್ಟು ಒಂದರ ಮೇಲೊಂದು ಬೀಳುವುದಿಲ್ಲ. ಅನ್ನವನ್ನು ಒಂದೇ ಮೂಲೆಯಲ್ಲಿ ಸುರಿಯದೆ ಎರಡು ಕಡೆ ಹಾಕಬೇಕು.

ಹೊಸ ಮೀನನ್ನು ತಂದ ದಿನವೇ ಅಪಾಯದ ದಿನ. ಅಂದು ಕಲ್ಲು ಗಿಡಗಳ ಜಾಗವನ್ನೆಲ್ಲ ಬದಲಾಯಿಸಿ, ದೀಪವನ್ನು ಆರಿಸಿ, ಹೊಸದನ್ನು ಬಿಡಬೇಕು. ಹಳೆಯ ಮೀನುಗಳೂ ತಮ್ಮ ಗುರುತುಗಳನ್ನು ಕಳೆದುಕೊಂಡು ಹೊಸಬರೇ ಆಗುವುವು. ಯಾವುದೊಂದು ತೀರ ಅತಿಯಾದರೆ ಅದನ್ನು ದಾನಮಾಡುವುದಕ್ಕೆ ಮುಂಚೆ ಕೆಲವು ದಿನ ಬೇರೆಯಿಟ್ಟು, ಉಳಿದುವು ನೆಲೆಗೊಂಡ ಮೇಲೆ ಮತ್ತೆ ಬಿಟ್ಟುನೋಡಬೇಕು; ಬರುವಾಗ ಅದು ಅತಿಥಿಯಾಗಿ ಬರುವುದು. ಮೊಟ್ಟೆ ಮರಿಗಳನ್ನು ಕಾಯುವ ಜೋಡಿಗೆ ಮಾತ್ರ ಈ ಉಪಾಯಗಳು ನಡೆಯವು. ಅಂಥ ಜೋಡಿಗೆ ನಡುವೆ ಗಾಜಿನ ಹಲಗೆಯನ್ನು ನಿಲ್ಲಿಸಿ ಪ್ರತ್ಯೇಕ ಮನೆಯನ್ನು ಮಾಡಿಕೊಡುವುದೊಂದೇ ದಾರಿ.

ಮೂಲೆಯಲ್ಲಿ ನೀರಿನ ಮೇಲ್ಭಾಗದಲ್ಲಿಯೇ ನಿಲ್ಲುವುದು, ಬಣ್ಣಗೆಡುವುದು, ಉಸಿರು ವೇಗವಾಗುವುದು, ಅನ್ನಕ್ಕೆ ಬಾರದಿರುವುದು, ರೆಕ್ಕೆಯಂಚು ಹರಿಯುವುದು ಇವು ಸೋತ ಮೀನಿನ ಲಕ್ಷಣಗಳು. ಕಂಡ ದಿನವೇ ಅದನ್ನು ಬೇರೆ ನೀರಿಗೆ ತೆಗೆಯಬೇಕು. ಬುಡವು ಕೆಡದಿದ್ದರೆ ಹರಿದ ರೆಕ್ಕೆಯು ಮತ್ತೆ ಬೆಳೆಯುವುದು.

ಸಾಕಲಾರದೆ ಹೋದ ಜಗಳಗಂಟ ಮೀನನ್ನು ಪುಣ್ಯಕಾರ್ಯವೆಂದು ಕೆರೆಗೆ ಬಿಡುವವರುಂಟು. ದಯವಿಟ್ಟು ಹಾಗೆ ಮಾಡಬಾರದು. ಗಾಜಿಗೆ ಅಂಟಿಕೊಂಡು ಪಾಚಿಯನ್ನು ತಿನ್ನುವ ದಕ್ಷಿಣ ಅಮೆರಿಕದ ಸಕರ್ ಮೀನು ಹೀಗೆ ತೊಟ್ಟಿಗಳಿಂದಲೇ ನಮ್ಮ ದೇಶದ ಎಷ್ಟೋ ನೀರುಗಳನ್ನು ಸೇರಿ ಬಲೆಗಾರರಿಗೆ ಪೀಡೆಯಾಗಿದೆ. ಸಾಕಣೆಗೆಂದು 1952ರಲ್ಲಿ ಇಂಡಿಯಾಕ್ಕೆ ತರಿಸಿದ ಆಫ್ರಿಕದ ತಿಲಾಪಿಯ, ಅದೂ ನೆಲ ಕಾಯುವ ಸಿಕ್ಲಿಡ್ಡೇ, ಕೆರೆಕೆರೆಗಳನ್ನು ಹೊಕ್ಕು ನಾಡಮೀನುಗಳ ಜಾಗವನ್ನು ಆಕ್ರಮಿಸಿತು. ಸಾಕಲಾರದ ಮೀನನ್ನು ಅಂಗಡಿಗೇ ಹಿಂದಕ್ಕೆ ಕೊಡಬಹುದು. ಇಲ್ಲವೆ ಒಂಟಿಯಾಗಿ ಸಾಕಬಹುದು. ಒಂಟಿ ಮೀನು ದುಃಖಪಡುವುದೆಂದು ಗೃಹಿಣಿಯರು ಮರುಗುವರು. ಫೈಟರ್‌ಗೂ ಫ್ಲವರ್‌ಹಾರ್ನಿಗೂ ಒಂಟಿತನವೇ ಸುಖ. ಕೆಲವು ವಾರಗಳಲ್ಲಿ ಅನ್ನ ಹಾಕುವವರ ಹೊತ್ತನ್ನು ಅವು ಕಲಿತುಕೊಂಡು, ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿಯೇ ಗಾಜಿನ ಬಳಿಗೆ ಬಂದು ನಿಲ್ಲುವುವು.